ಖಾಜಿಯ ಮುಂದೆ ಪರದೇಶಿ ವರ್ತಕ: ಸಾಕ್ಷ್ಯ ನಡೆಯದವನ ದಾವೆ ನಡೆಯುತ್ತಿತ್ತೇ?

ಪ್ರಶ್ನೆ

ಮಂಗಳೂರಿನಲ್ಲಿ ಸಿವಿಲ್ ವಕೀಲಿಕೆ ಮಾಡುತ್ತಿರುವ ಓದುಗರೊಬ್ಬರ ಪತ್ರದ ಸಾರ ಹೀಗಿದೆ: “ನಮ್ಮ ವಕೀಲರ ಸಂಘದ ಕಾರ್ಯಕ್ರಮವೊಂದರಲ್ಲಿ ಹಳೆಯ ಕಾಲದ ವ್ಯಾಪಾರ ವ್ಯಾಜ್ಯಗಳ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ತಯಾರಿಗೆಂದು ಓದುವಾಗ ಒಂದು ಕಡೆ, ಇಸ್ಲಾಮೀ ನ್ಯಾಯಾಲಯಗಳಲ್ಲಿ ಮುಸ್ಲಿಮನ ವಿರುದ್ಧ ಕ್ರೈಸ್ತನ ಅಥವಾ ಯಹೂದಿಯ ಸಾಕ್ಷ್ಯ ನಡೆಯುತ್ತಿರಲಿಲ್ಲ, ಹಾಗಾಗಿ ಪರದೇಶಿ ವರ್ತಕನಿಗೆ ಅಲ್ಲಿ ಕಾನೂನಿನ ಆಸರೆಯೇ ಇರಲಿಲ್ಲ ಎಂದಿತ್ತು. ಇನ್ನೊಂದು ಕಡೆ, ಅದೇ ವರ್ತಕರಿಗೆ ಸುಲ್ತಾನರು ತಮ್ಮದೇ ಕೋರ್ಟು ನಡೆಸಿಕೊಳ್ಳುವ ಹಕ್ಕು ಕೊಟ್ಟಿದ್ದರು, ಅವರು ಊರಿನವರಿಗಿಂತ ಸುಖವಾಗಿದ್ದರು ಎಂದಿತ್ತು. ಎರಡೂ ನಿಜವಾಗುವುದು ಹೇಗೆ? ಸಾಕ್ಷಿ ಹೇಳಲಾಗದ ಫಿರ್ಯಾದಿ ಯಾವ ಧೈರ್ಯದ ಮೇಲೆ ಸರಕನ್ನು ಸಾಲಕ್ಕೆ ಕೊಡುತ್ತಿದ್ದ? ಸಭೆಯಲ್ಲಿ ಎಲ್ಲ ಮತದವರೂ ಇರುತ್ತಾರೆ. ಇದನ್ನು ಹೇಗೆ ಹೇಳಿದರೂ ಯಾರಿಗಾದರೂ ನೋವಾದೀತೇನೋ ಎಂಬ ಅಳುಕೂ ಇದೆ.”

ಉತ್ತರ

ವಕೀಲರೇ, ನೀವು ಓದಿದ ಎರಡು ಮಾತುಗಳಲ್ಲಿ ಯಾವುದೂ ಶುದ್ಧ ಸುಳ್ಳಲ್ಲ, ಆದರೆ ಎರಡೂ ಅರ್ಧ ದಾರಿಯಲ್ಲಿ ನಿಂತಿವೆ. ಮೊದಲನೆಯದು ಸಾಕ್ಷ್ಯದ ನಿಯಮವನ್ನು ಹೇಳಿ, ಆ ನಿಯಮದ ಎದುರು ವರ್ತಕರು ಏನು ಮಾಡಿಕೊಂಡರು ಎಂಬುದನ್ನು ಬಿಟ್ಟುಬಿಡುತ್ತದೆ. ಎರಡನೆಯದು ಸುಲ್ತಾನರ ಸನ್ನದನ್ನು ಹೇಳಿ, ಅದು ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದನ್ನು ಹೇಳುವುದಿಲ್ಲ. ಜೊತೆಗೆ ‘ಇಸ್ಲಾಮೀ ನ್ಯಾಯಾಲಯ’ ಎಂಬ ಒಂದೇ ಹೆಸರಿನಡಿ ಕೈರೋ, ಇಸ್ತಾಂಬುಲ್, ಇಸ್ಫಹಾನ್, ಸೂರತ್‌ಗಳನ್ನೂ ಸಾವಿರ ವರ್ಷಗಳನ್ನೂ ಒಟ್ಟಿಗೆ ಕಟ್ಟಿದರೆ ಯಾರಿಗೂ ಸರಿಯಾದ ಉತ್ತರ ಹೇಳಲಾಗದು. ಆದ್ದರಿಂದ ಖಾಜಿಗಳ, ಅಂದರೆ ಷರಿಯತ್ ನ್ಯಾಯಾಧೀಶರ, ದಫ್ತರಗಳು ಸಾಕಷ್ಟು ಉಳಿದಿರುವ, ನಾನು ವೃತ್ತಿಯಿಂದ ಹೆಚ್ಚು ಓದಿರುವ ತುರ್ಕರ ಆಟೊಮನ್ ಸಾಮ್ರಾಜ್ಯಕ್ಕೆ, ಅದರಲ್ಲೂ 16ರಿಂದ 18ನೆಯ ಶತಮಾನಕ್ಕೆ, ಈ ಉತ್ತರವನ್ನು ಸೀಮಿತಗೊಳಿಸುತ್ತೇನೆ. ಈಜಿಪ್ಟಿನ ಮಾತು ಒಮ್ಮೆ, ನಿಮ್ಮ ಊರಿನ ಮಾತು ಒಮ್ಮೆ ಬರುತ್ತದೆ.

ಮೊದಲು ಪರದೇಶಿಯ ಸ್ಥಾನಮಾನ. ಇಸ್ಲಾಮೀ ಆಳ್ವಿಕೆಯ ಹೊರಗಿನ ನಾಡಿನಿಂದ ಬಂದವನಿಗೆ ತಾನಾಗಿ ಯಾವ ರಕ್ಷಣೆಯೂ ಇರಲಿಲ್ಲ ಎಂಬುದು ನಿಜ. ಆದರೆ ಅವನಿಗೆ ‘ಅಮಾನ್’, ಅಂದರೆ ಅಭಯ, ಸಿಕ್ಕಿತೆಂದರೆ ಅವನು ‘ಮುಸ್ತಾಮಿನ್’ ಆಗುತ್ತಿದ್ದ. ಅವನ ಪ್ರಾಣ ಮತ್ತು ಸೊತ್ತು ಕಾನೂನಿನ ಕಾವಲಿಗೆ ಒಳಪಡುತ್ತಿದ್ದವು, ಅವನು ದಾವೆ ಹೂಡಬಹುದಿತ್ತು, ಅವನ ಮೇಲೂ ದಾವೆ ಹೂಡಬಹುದಿತ್ತು. ಅಭಯ ಕೇಳಿಕೊಂಡು ಬಂದವನಿಗೆ ಅದನ್ನು ಕೊಡಬೇಕೆಂಬ ಮಾತು ಕುರಾನಿನ ಒಂಬತ್ತನೆಯ ಅಧ್ಯಾಯದಲ್ಲಿಯೇ ಇದೆ, ಮತ್ತು ನ್ಯಾಯಶಾಸ್ತ್ರಜ್ಞರು ಅದನ್ನು ಬೆಳೆಸಿ ಒಂದು ಪೂರ್ಣ ಪ್ರಕರಣವನ್ನಾಗಿ ಮಾಡಿದ್ದರು. ನಿಮ್ಮ ನ್ಯಾಯಾಲಯದ ನೋಟಿಸು ಹಿಡಿದು ಓಡಾಡುವ ಅಮೀನನ ಹೆಸರೂ, ನೌಕರನನ್ನು ‘ಅಮಾನತ್ತಿನಲ್ಲಿಡುವ’ ಮಾತೂ ಇದೇ ಅರಬ್ಬಿ ಧಾತುವಿನವು. ದಾವೆ, ವಕೀಲ, ತಕರಾರು ಇವೂ ಆ ಕಡೆಯಿಂದಲೇ ಬಂದವು. ಸಭೆಯಲ್ಲಿ ಇದನ್ನು ನೆನಪಿಸಿದರೆ ನಿಮ್ಮ ಅಳುಕು ಅರ್ಧ ಕಡಿಮೆಯಾದೀತು, ಏಕೆಂದರೆ ಆ ನ್ಯಾಯಾಲಯದ ಶಬ್ದಗಳನ್ನು ಕೇಳುಗರೆಲ್ಲರೂ ಆಗಲೇ ದಿನವಿಡೀ ಬಳಸುತ್ತಿರುತ್ತಾರೆ.

ಆಟೊಮನ್ನರು ಅನುಸರಿಸಿದ, ಇಸ್ಲಾಮೀ ನ್ಯಾಯಶಾಸ್ತ್ರದ ಪಂಥಗಳಲ್ಲೊಂದಾದ ಹನಫಿ ಪಂಥದ ಪ್ರಕಾರ ಮುಸ್ತಾಮಿನ್ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದರೆ ಅವನು ‘ಜಿಮ್ಮಿ’, ಅಂದರೆ ತಲೆಗಂದಾಯ ಕೊಡುವ ಮುಸ್ಲಿಮೇತರ ಪ್ರಜೆ, ಆಗಬೇಕಿತ್ತು. ಸಿರಿಯಾದ ವ್ಯಾಪಾರದ ಊರಾದ ಅಲೆಪ್ಪೊದಲ್ಲಿ ಹತ್ತು, ಹದಿನೈದು ವರ್ಷ ಅಂಗಡಿ ನಡೆಸುವ ಇಂಗ್ಲಿಷ್ ಏಜೆಂಟನಿಗೆ ಇದು ದೊಡ್ಡ ತೊಡಕು. ಅದನ್ನು ಬಿಡಿಸಿದ್ದು ‘ಅಹದ್‌ನಾಮೆ’, ಅಂದರೆ ಸುಲ್ತಾನನು ಒಂದು ದೇಶದ ವರ್ತಕರಿಗೆಲ್ಲ ಒಟ್ಟಾಗಿ ಕೊಡುವ ಪ್ರತಿಜ್ಞಾಪತ್ರ. ಫ್ರೆಂಚರಿಗೆ 1569ರಲ್ಲಿ, ಇಂಗ್ಲಿಷರಿಗೆ 1580ರಲ್ಲಿ, ಡಚ್ಚರಿಗೆ 1612ರಲ್ಲಿ ಇವು ಸಿಕ್ಕವು. ವೆನಿಸ್‌ನವರಿಗೆ ಇದಕ್ಕೂ ಬಹಳ ಹಿಂದೆಯೇ ಸಿಕ್ಕಿದ್ದವು. ಯುರೋಪಿನವರು ಇವನ್ನು ಕರೆದ ಹೆಸರು ‘ಕ್ಯಾಪಿಟ್ಯುಲೇಷನ್’. ಆ ಹೆಸರಿನಲ್ಲಿ ಶರಣಾಗತಿಯ ಅರ್ಥವಿಲ್ಲ, ಪತ್ರವನ್ನು ಕಲಮುಗಳಾಗಿ ವಿಂಗಡಿಸಿದ್ದರಿಂದ ಲ್ಯಾಟಿನ್ನಿನಲ್ಲಿ ‘ಅಧ್ಯಾಯ’ ಎಂಬರ್ಥದ ಪದದಿಂದ ಬಂದ ಹೆಸರು ಅದು.

ಈಗ ನಿಮ್ಮನ್ನು ಕಾಡಿದ ಸಾಕ್ಷ್ಯದ ನಿಯಮಕ್ಕೆ ಬರೋಣ. ನೀವು ಓದಿದ್ದು ಶಾಸ್ತ್ರದ ಮಟ್ಟಿಗೆ ಸರಿ. ಇಬ್ಬರು ಮುಸ್ಲಿಂ ಗಂಡಸರು, ಅಥವಾ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು ಹೇಳಿದ ಸಾಕ್ಷ್ಯವೇ ಪೂರ್ಣ ಸಾಕ್ಷ್ಯ. ಮುಸ್ಲಿಮನ ವಿರುದ್ಧ ಮುಸ್ಲಿಮೇತರನ ಮಾತು ನಡೆಯದು. ಜಿಮ್ಮಿಗಳು ತಮ್ಮ ತಮ್ಮೊಳಗೆ ಸಾಕ್ಷಿ ಹೇಳುವುದನ್ನು ಹನಫಿಗಳು ಒಪ್ಪುತ್ತಿದ್ದರು. ಶಾಫಿ ಮತ್ತು ಮಾಲಿಕಿ ಪಂಥದವರು ಅದನ್ನೂ ಒಪ್ಪುತ್ತಿರಲಿಲ್ಲ. ಪರದೇಶಿಯಂತೂ ಇನ್ನೂ ಒಂದು ಮೆಟ್ಟಿಲು ಕೆಳಗೆ: ಊರಿನ ಜಿಮ್ಮಿಯ ಸಾಕ್ಷ್ಯ ಅವನ ವಿರುದ್ಧ ನಡೆಯುತ್ತಿತ್ತು, ಅವನ ಸಾಕ್ಷ್ಯ ಜಿಮ್ಮಿಯ ವಿರುದ್ಧ ನಡೆಯುತ್ತಿರಲಿಲ್ಲ. ಇದು ಅಸಮಾನತೆಯೇ, ಅದನ್ನು ಸಭೆಯಲ್ಲಿ ಮೆತ್ತಗೆ ಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಆ ಕಾಲದ ಯುರೋಪಿನ ಎಷ್ಟೋ ನ್ಯಾಯಾಲಯಗಳಲ್ಲಿ ಯಹೂದಿಯ ಗತಿ ಇದಕ್ಕಿಂತ ಮೇಲಿರಲಿಲ್ಲ ಎಂದು ಕೆಲವರು ಕೂಡಲೇ ಹೇಳುತ್ತಾರೆ. ಅದು ನಿಜವಾದರೂ ನಿಮ್ಮ ಪ್ರಶ್ನೆಗೆ ಉತ್ತರವಲ್ಲ.

ಉತ್ತರ ಇರುವುದು, ಸಾಕ್ಷಿಗಳು ಎಷ್ಟು ಸಲ ಬೇಕಾಗುತ್ತಿದ್ದರು ಎಂಬುದರಲ್ಲಿ. ನೀವೇ ದಿನವೂ ನೋಡುವಂತೆ, ಪ್ರತಿವಾದಿ ಸಾಲವನ್ನು ಒಪ್ಪಿಕೊಂಡರೆ ಸಾಕ್ಷಿಯ ಮಾತೇ ಏಳುವುದಿಲ್ಲ. ಖಾಜಿಯ ನ್ಯಾಯಾಲಯದಲ್ಲಿ ಈ ಒಪ್ಪಿಗೆಗೆ, ‘ಇಕ್ರಾರ್’ಗೆ, ಎಲ್ಲಕ್ಕಿಂತ ಹೆಚ್ಚಿನ ಬಲವಿತ್ತು. ನಮ್ಮ ಹಳೆಯ ಪತ್ರಗಳಲ್ಲಿ ಬರುವ ‘ಕರಾರು’ ಅದರ ಬಳಗದ್ದೇ. ಪ್ರತಿವಾದಿ ಒಪ್ಪದಿದ್ದರೆ ರುಜುವಾತಿನ ಹೊರೆ ವಾದಿಯದು. ವಾದಿಯಲ್ಲಿ ಸಾಕ್ಷಿಯಿಲ್ಲದಿದ್ದರೆ ಪ್ರತಿವಾದಿ ಪ್ರಮಾಣ ಮಾಡಿ ಬಿಡುಗಡೆ ಪಡೆಯಬಹುದಿತ್ತು. ಈ ಪ್ರಮಾಣದ ಹಕ್ಕು ಮುಸ್ಲಿಮೇತರನಿಗೂ ಇತ್ತು. ಕ್ರೈಸ್ತನು ಯೇಸುವಿಗೆ ಇಂಜೀಲನ್ನು ಇಳಿಸಿದ ದೇವರ ಮೇಲೆ, ಯಹೂದಿಯು ಮೋಶೆಗೆ ತೋರಾವನ್ನು ಇಳಿಸಿದ ದೇವರ ಮೇಲೆ ಆಣೆಯಿಟ್ಟರೆ ಖಾಜಿ ಅದನ್ನು ಮನ್ನಿಸಬೇಕಿತ್ತು. ಹೀಗಾಗಿ ಪರದೇಶಿ ಪ್ರತಿವಾದಿಯಾಗಿದ್ದಾಗ, ಎದುರಿನವನ ಕೈಯಲ್ಲಿ ಇಬ್ಬರು ಸಾಕ್ಷಿಗಳಿಲ್ಲದಿದ್ದರೆ, ಅವನ ಸ್ಥಿತಿ ನೀವು ಓದಿದಷ್ಟು ಶೋಚನೀಯವಾಗಿರಲಿಲ್ಲ. ಅವನು ವಾದಿಯಾದಾಗ, ಮತ್ತು ಎದುರಿನವನು ಸಾರಾಸಗಟಾಗಿ ಅಲ್ಲಗಳೆದಾಗ, ಕಷ್ಟ. ಇನ್ನೂ ಕಷ್ಟವೆಂದರೆ ಎದುರಿನವನು ದುಡ್ಡು ಕೊಟ್ಟು ತಂದ ಸುಳ್ಳುಸಾಕ್ಷಿಗಳು, ಏಕೆಂದರೆ ಅವರ ಮಾತನ್ನು ಅಲ್ಲಗಳೆಯಲು ತನ್ನ ದೇಶದವರನ್ನು ಅವನು ಕಟಕಟೆಗೆ ತರಲಾಗುತ್ತಿರಲಿಲ್ಲ.

ಈ ಕಷ್ಟ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದು. ಮೊದಲೇ ಗೊತ್ತಿದ್ದ ಕಷ್ಟಕ್ಕೆ ವ್ಯಾಪಾರಿ ಮೊದಲೇ ದಾರಿ ಮಾಡಿಕೊಳ್ಳುತ್ತಾನೆ. ನನ್ನ ಅನುಭವದಲ್ಲಿ ದಫ್ತರಗಳನ್ನು ಓದಲು ಹೊಸದಾಗಿ ಕುಳಿತವರೆಲ್ಲರಿಗೂ ಆಗುವ ನಿರಾಶೆಯೊಂದಿದೆ: ಜಗಳ ಹುಡುಕಿಕೊಂಡು ಹೋದವರಿಗೆ ಪುಟಗಟ್ಟಲೆ ಸಿಗುವುದು ಜಗಳವಿಲ್ಲದ ನಮೂದುಗಳು. ಇಂಥವನು ಇಂಥವನಿಂದ ಇಷ್ಟು ಪಡೆದೆನೆಂದು ಒಪ್ಪಿದ, ಇಂಥವನು ಇಂಥವನನ್ನು ವಕೀಲನನ್ನಾಗಿ ನೇಮಿಸಿದ, ಇಂಥವನು ಇಂಥವನಿಗೆ ಜಾಮೀನು ನಿಂತ. ಕೆಲವು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ, ನಿಜವಾದ ಕಥೆ ಅಲ್ಲಿಯೇ ಇದೆಯೆಂದು. ಖಾಜಿಯು ತೀರ್ಪುಗಾರನಷ್ಟೇ ಆಗಿರದೆ ಇಂದಿನ ಉಪನೋಂದಣಾಧಿಕಾರಿ ಮತ್ತು ನೋಟರಿಯ ಕೆಲಸವನ್ನೂ ಮಾಡುತ್ತಿದ್ದ.

ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಇಂಥ ಪತ್ರ ಅನೇಕ ಸಲ ಶುರುವಾಗುವುದು ‘ಸಬಬ್-ಎ ತಹರೀರ್’ ಎಂಬ ಮಾತಿನಿಂದ, ಅಂದರೆ ‘ಈ ಬರಹಕ್ಕೆ ಕಾರಣವೇನೆಂದರೆ’. ‘ಬರೆಸಿಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಶುರುವಾಗುವ ನಮ್ಮ ಪತ್ರಗಳನ್ನು ಬರೆಸಿದವರಿಗೆ ಈ ಧಾಟಿ ಅಪರಿಚಿತವೆನಿಸದು. ಆಮೇಲೆ ಬರೆದುಕೊಡುವವನ ಊರು, ಹೆಸರು, ತಂದೆಯ ಹೆಸರು, ಅವನು ‘ಷರಿಯತ್ತಿನ ಸಭೆಗೆ’ ತಾನೇ ಬಂದನೆಂಬ ಮಾತು, ಎದುರಿನವನ ಸಮಕ್ಷಮ ಇಷ್ಟು ಸಾಲ, ಇಂಥ ಸರಕಿನ ಬಾಬ್ತು, ಇಷ್ಟು ತಿಂಗಳಲ್ಲಿ ತೀರಿಸತಕ್ಕದ್ದು ಎಂಬ ಒಪ್ಪಿಗೆ, ಎದುರಿನವನು ಅದನ್ನು ದೃಢಪಡಿಸಿದ್ದು, ತಾರೀಖು. ಕೊನೆಯಲ್ಲಿ ಸಾಲಾಗಿ ಸಭಾಸಾಕ್ಷಿಗಳ ಹೆಸರುಗಳು. ಇವರು ಸಾಲ ಕೊಟ್ಟದ್ದನ್ನು ಕಂಡವರಾಗಿರಬೇಕಿಲ್ಲ, ಖಾಜಿಯ ಮುಂದೆ ಈ ಒಪ್ಪಿಗೆ ನಡೆಯಿತೆಂಬುದಕ್ಕೆ ಸಾಕ್ಷಿಗಳು, ಮಹಜರಿನ ಕೆಳಗೆ ರುಜು ಹಾಕುವ ಪಂಚರ ಹಾಗೆ. ನಮೂದು ದಫ್ತರದಲ್ಲಿ ಉಳಿಯುತ್ತಿತ್ತು, ಖಾಜಿಯ ಮುದ್ರೆಯಿದ್ದ ಪ್ರತಿಯನ್ನು ವರ್ತಕ ಮನೆಗೆ ಒಯ್ಯುತ್ತಿದ್ದ. ಆ ಪ್ರತಿಯ ಹೆಸರು ‘ಹುಜ್ಜತ್’. ಮರಾಠಿಯಲ್ಲಿ ಅದೇ ಪದಕ್ಕೆ ತಕರಾರು, ವಾಗ್ವಾದ ಎಂಬ ಅರ್ಥ ಬಂದುಬಿಟ್ಟಿರುವುದು ತಮಾಷೆ, ಏಕೆಂದರೆ ಮೂಲದಲ್ಲಿ ವಾದವನ್ನು ಮುಗಿಸುವ ಕಾಗದ ಅದು.

ಈಗ ಒಬ್ಬ ಇಂಗ್ಲಿಷ್ ಏಜೆಂಟನನ್ನು ಊಹಿಸಿಕೊಳ್ಳಿ. ಇದು ನನ್ನ ಕಟ್ಟುಕಥೆ, ಆದರೆ ಅದರ ಸಾಮಗ್ರಿ ನಿಜದ್ದು. 1581ರಲ್ಲಿ ಸ್ಥಾಪನೆಯಾದ ಲೆವಾಂಟ್ ಕಂಪನಿಯ ಪರವಾಗಿ ಅವನು 17ನೆಯ ಶತಮಾನದ ಅಲೆಪ್ಪೊದಲ್ಲಿ ಉಣ್ಣೆಯ ಬಟ್ಟೆ ಮಾರಿ ಪರ್ಷಿಯಾದ ಕಚ್ಚಾ ರೇಷ್ಮೆ ಕೊಳ್ಳುತ್ತಾನೆ. ಊರಿನ ಮುಸ್ಲಿಂ ವರ್ತಕನೊಬ್ಬನಿಗೆ ಆರು ತಿಂಗಳ ವಾಯಿದೆಯ ಮೇಲೆ ಬಟ್ಟೆ ಕೊಟ್ಟಿದ್ದಾನೆ. ಅವನ ಮುಂದಿದ್ದ ದಾರಿಗಳನ್ನು ಒಂದೊಂದಾಗಿ ನೋಡಿದರೆ, ನೀವು ಕೇಳಿದ ‘ಯಾವ ಧೈರ್ಯದ ಮೇಲೆ’ ಎಂಬುದಕ್ಕೆ ಉತ್ತರ ಸಿಗುತ್ತದೆ.

ಅತ್ಯಂತ ಭದ್ರವಾದ ದಾರಿ, ಬಟ್ಟೆ ಕೈಬಿಡುವ ಮುಂಚೆ ಕೊಳ್ಳುವವನನ್ನು ಕರೆದುಕೊಂಡು ಖಾಜಿಯ ಬಳಿಗೆ ಹೋಗಿ ಹುಜ್ಜತ್ ಬರೆಸುವುದು. ಇಲ್ಲಿ ಅಹದ್‌ನಾಮೆಯ ಒಂದು ಕಲಮು ಅವನಿಗೆ ಬೆನ್ನೆಲುಬು. ಇಂಗ್ಲಿಷರ ಮತ್ತು ಫ್ರೆಂಚರ ಅಹದ್‌ನಾಮೆಗಳಲ್ಲಿ, ಕೊಡುಕೊಳ್ಳುವಿಕೆ, ಜಾಮೀನು ಮುಂತಾದವನ್ನು ಖಾಜಿಯಲ್ಲಿ ನೋಂದಾಯಿಸಿ ಹುಜ್ಜತ್ ಪಡೆಯಬೇಕು, ಮುಂದೆ ವ್ಯಾಜ್ಯ ಬಂದರೆ ಆ ಹುಜ್ಜತ್ತನ್ನೂ ದಫ್ತರವನ್ನೂ ನೋಡಿ ತೀರ್ಮಾನಿಸಬೇಕು, ಎರಡೂ ಇಲ್ಲದೆ ಬರೀ ಸುಳ್ಳುಸಾಕ್ಷಿಗಳನ್ನು ತಂದು ಹೂಡಿದ ದಾವೆಯನ್ನು ಕೇಳಬಾರದು ಎಂದಿದೆ. ಇದರ ಸೂಕ್ಷ್ಮ ನಿಮಗೆ ಬೇಗ ಹೊಳೆಯುತ್ತದೆ. ಸಾಕ್ಷ್ಯದ ಶಾಸ್ತ್ರವನ್ನು ಸುಲ್ತಾನ ತಿದ್ದಲಿಲ್ಲ, ಕ್ರೈಸ್ತನ ಸಾಕ್ಷ್ಯ ನಡೆಯುತ್ತದೆ ಎಂದು ಅವನು ಹೇಳುವ ಹಾಗೂ ಇರಲಿಲ್ಲ. ಖಾಜಿಯನ್ನು ನೇಮಿಸುವವನು ಸುಲ್ತಾನ. ಯಾವ ದಾವೆಯನ್ನು ಕೇಳಬೇಕು, ಯಾವುದನ್ನು ಕೇಳಬಾರದು ಎಂದು ಅವನ ಅಧಿಕಾರವ್ಯಾಪ್ತಿಯನ್ನು ಕಟ್ಟುವ ಹಕ್ಕು ಸುಲ್ತಾನನದು. ಆ ಹಕ್ಕನ್ನು ಬಳಸಿ ಇಡೀ ಪ್ರಶ್ನೆಯನ್ನು ಸಾಕ್ಷಿಯಿಂದ ಕಾಗದಕ್ಕೆ ತಿರುಗಿಸಿದ. ನಾನು ಇದನ್ನು ಆ ಕಾಲದ ಕಾನೂನಿನ ಅತಿ ಜಾಣ ಕಲಮುಗಳಲ್ಲಿ ಒಂದೆಂದು ಎಣಿಸುತ್ತೇನೆ. ಈ ದಾರಿಯಲ್ಲಿಯೂ ತೊಡಕಿತ್ತು. ಪ್ರತಿ ವ್ಯವಹಾರಕ್ಕೂ ಶುಲ್ಕ ತೆರಬೇಕು, ಖಾಜಿಯ ಆದಾಯವೇ ಆ ಶುಲ್ಕ. ಕೊಳ್ಳುವವನಿಗೆ ಅದು ಅಪನಂಬಿಕೆಯ ಗುರುತಾಗಿ ಕಾಣಬಹುದು. ದಿನಕ್ಕೆ ನಾಲ್ಕು ವ್ಯಾಪಾರ ಮಾಡುವವನು ನಾಲ್ಕು ಸಲ ಖಾಜಿಯ ಮನೆ ಬಾಗಿಲಿಗೆ ಹೋಗಲಾರ. ಹಾಗಾಗಿ ಎಷ್ಟೋ ವ್ಯವಹಾರಗಳು ಬಾಯಿಮಾತಿನಲ್ಲಿ ಅಥವಾ ಖಾಸಗಿ ಚೀಟಿಯ ಮೇಲೆ ನಡೆದವು, ಮತ್ತು ಕಾಗದವಿಲ್ಲದೆ ಖಾಜಿಯ ಮುಂದೆ ಹೋದವನಿಗೆ ನೀವು ಓದಿದ ಆ ಕಠಿಣ ನಿಯಮ ಎದುರಾಗುತ್ತಿತ್ತು.

ಎರಡನೆಯ ದಾರಿ ಕಾನ್ಸುಲನ, ಅಂದರೆ ಆ ಊರಿನಲ್ಲಿ ವರ್ತಕರ ದೇಶದ ಪ್ರತಿನಿಧಿಯ, ಕೋರ್ಟು. ‘ತಮ್ಮದೇ ಕೋರ್ಟು’ ಎಂದು ನೀವು ಓದಿದ್ದು ಇದನ್ನೇ. ಇಬ್ಬರು ಇಂಗ್ಲಿಷರ ನಡುವಿನ ವ್ಯಾಜ್ಯವನ್ನು ಅವರ ರಾಯಭಾರಿ ಅಥವಾ ಕಾನ್ಸುಲ್ ತೀರ್ಮಾನಿಸಬೇಕು, ಖಾಜಿ ಕೈಹಾಕಬಾರದು ಎಂದು ಅಹದ್‌ನಾಮೆ ಹೇಳುತ್ತಿತ್ತು. ಆದರೆ ನಮ್ಮ ಏಜೆಂಟನ ಬಾಕಿದಾರ ಸುಲ್ತಾನನ ಪ್ರಜೆ. ಅವನ ಮೇಲೆ ಕಾನ್ಸುಲನಿಗೆ ಅಧಿಕಾರವೇ ಇರಲಿಲ್ಲ. ಈ ವಿವಾದದಲ್ಲಿ ಆ ಪ್ರಸಿದ್ಧ ಕೋರ್ಟು ನಯಾಪೈಸೆಯ ಉಪಯೋಗಕ್ಕೂ ಬಾರದು.

ಮೂರನೆಯದು ಖಾಜಿಯ ಮುಂದೆಯೇ ದಾವೆ, ಆದರೆ ಅಹದ್‌ನಾಮೆಯ ಕವಚ ತೊಟ್ಟು. ದುಭಾಷಿ ಹಾಜರಿಲ್ಲದೆ ಪರದೇಶಿಯ ಮೇಲಿನ ದಾವೆಯನ್ನು ಖಾಜಿ ಕೇಳುವಂತಿರಲಿಲ್ಲ. ಒಬ್ಬ ಇಂಗ್ಲಿಷನ ಸಾಲಕ್ಕೆ, ಜಾಮೀನು ನಿಂತಿರದ ಹೊರತು, ಇನ್ನೊಬ್ಬ ಇಂಗ್ಲಿಷನನ್ನು ಹಿಡಿಯುವಂತಿರಲಿಲ್ಲ. ಒಂದು ದೇಶದವರೆಲ್ಲರೂ ಒಬ್ಬನ ತಪ್ಪಿಗೆ ಹೊಣೆ ಎಂಬ ಹಳೆಯ ವಾಡಿಕೆಯ ಎದುರು ಇದು ದೊಡ್ಡ ರಕ್ಷಣೆ. ವರ್ತಕ ಅಲ್ಲಿಯೇ ಸತ್ತರೆ ವಾರಸುದಾರರಿಲ್ಲದ ಸೊತ್ತೆಂದು ಖಜಾನೆಯವರು ಗೋದಾಮಿಗೆ ಮುದ್ರೆ ಹಾಕುವಂತಿರಲಿಲ್ಲ, ಅದು ಕಾನ್ಸುಲನ ಮೂಲಕ ವಾರಸುದಾರರಿಗೆ ಹೋಗಬೇಕು. ಆ ಊರಿನಲ್ಲಿ ಹೆಂಡತಿ ಮಕ್ಕಳಿಲ್ಲದೆ ಒಬ್ಬಂಟಿ ಬದುಕುವವನಿಗೆ ರಾತ್ರಿ ನಿದ್ದೆ ಬರಿಸುತ್ತಿದ್ದುದು ಬಹುಶಃ ಈ ಕಲಮೇ. ಮುಸ್ಲಿಂ ಸಾಕ್ಷಿಗಳನ್ನು ಕರೆಯಲು ಪರದೇಶಿಗೆ ಅಡ್ಡಿಯಿರಲಿಲ್ಲವಾದ್ದರಿಂದ, ಬುದ್ಧಿವಂತನು ಬಟ್ಟೆ ಅಳೆದುಕೊಡುವ ಹೊತ್ತಿಗೆ ಊರಿನ ಇಬ್ಬರು ಮುಸ್ಲಿಮರು ಅಲ್ಲಿರುವಂತೆ ನೋಡಿಕೊಳ್ಳುತ್ತಿದ್ದ. ಇಲ್ಲಿಯ ಅಪಾಯ ದುಭಾಷಿಯದು. ಕಾನೂನಿನ ಭಾಷೆ ಬಲ್ಲವನು ಅವನೊಬ್ಬನೇ, ಅವನು ಹೇಳಿದ್ದೇ ನಿಮ್ಮ ಮಾತು, ಮತ್ತು ಅವನು ಬಹಳ ಸಲ ಆ ಊರಿನ ಕ್ರೈಸ್ತ ಅಥವಾ ಯಹೂದಿ, ಅವನಿಗೂ ಊರಿನಲ್ಲಿ ಅಳುಕು, ನೆಂಟಸ್ತಿಕೆ, ಸ್ವಂತ ವ್ಯಾಪಾರ ಇದ್ದವು. ವೆನಿಸ್ ಇದನ್ನು ಅರಿತು 1551ರಲ್ಲಿಯೇ ತನ್ನ ಹುಡುಗರಿಗೆ ತುರ್ಕಿ ಭಾಷೆ ಕಲಿಸಿ ದುಭಾಷಿಗಳಾಗಿ ತಯಾರುಮಾಡುವ ಏರ್ಪಾಡು ಮಾಡಿತು. ಫ್ರಾನ್ಸ್ ಅದೇ ಕೆಲಸಕ್ಕೆ ಕೈಹಾಕಿದ್ದು 1669ರಲ್ಲಿ.

ನಾಲ್ಕನೆಯದು ಇಸ್ತಾಂಬುಲಿನ ದಿವಾನಿಗೆ, ಅಂದರೆ ಸುಲ್ತಾನನ ಆಡಳಿತಸಭೆಗೆ, ಹೋಗುವುದು. 1675ರ ಇಂಗ್ಲಿಷ್ ಅಹದ್‌ನಾಮೆಯಂತೆ 4000 ಅಕ್ಚೆಗಿಂತ ಹೆಚ್ಚಿನ ಮೊತ್ತದ ವ್ಯಾಜ್ಯವನ್ನು ಊರಿನ ಖಾಜಿ ಕೇಳದೆ ರಾಜಧಾನಿಯ ದಿವಾನಿಗೆ ಕಳಿಸಬೇಕು. ಅಕ್ಚೆ ಒಂದು ಸಣ್ಣ ಬೆಳ್ಳಿ ನಾಣ್ಯ. ಆ ಶತಮಾನದ ಕೊನೆಯ ಹೊತ್ತಿಗೆ 120 ಅಕ್ಚೆಗೆ ‘ಕುರುಷ್’ ಎಂಬ ದೊಡ್ಡ ಬೆಳ್ಳಿ ನಾಣ್ಯ ಒಂದು ಎಂಬ ಲೆಕ್ಕ ಹಿಡಿದರೆ ಇದು 33 ಕುರುಷ್‌ಗಿಂತ ಸ್ವಲ್ಪವೇ ಹೆಚ್ಚು. ಸಗಟು ಬಟ್ಟೆ ವ್ಯಾಪಾರಕ್ಕೆ ಅದು ಭಾರಿ ಮೊತ್ತವಲ್ಲ, ಹಾಗಾಗಿ ಬಹುಪಾಲು ಗಂಭೀರ ವ್ಯಾಜ್ಯಗಳು ಈ ಗೆರೆಯನ್ನು ದಾಟುತ್ತಿದ್ದವು. ದಿವಾನಿನಲ್ಲಿ ಕುಳಿತವರು ಸಾಮ್ರಾಜ್ಯದ ದೊಡ್ಡ ನ್ಯಾಯಾಧಿಕಾರಿಗಳು ಮತ್ತು ವಜೀರರು, ಎದುರಿಗೆ ವರ್ತಕನ ರಾಯಭಾರಿ. ಊರಿನ ಒತ್ತಡಗಳು ಅಲ್ಲಿಗೆ ತಲುಪುವುದು ಕಷ್ಟ. ಆದರೆ ಈ ಕಲಮು ಎರಡಲಗಿನ ಕತ್ತಿ. ಅಲೆಪ್ಪೊದಿಂದ ಇಸ್ತಾಂಬುಲಿಗೆ ಕಾಗದ ಹೋಗಿ ಬರಲು ತಿಂಗಳುಗಳು ಬೇಕು, ಅಷ್ಟರಲ್ಲಿ ಬಾಕಿದಾರ ಸರಕು ಕರಗಿಸಿರುತ್ತಾನೆ. ಪರದೇಶಿಯ ಮೇಲೆ ನ್ಯಾಯವಾದ ಬಾಕಿಯಿದ್ದ ಅಲೆಪ್ಪೊದ ಸಣ್ಣ ವ್ಯಾಪಾರಿಗೆ ‘ಇಸ್ತಾಂಬುಲಿಗೆ ಹೋಗು’ ಎಂದರೆ ದಾವೆ ಬಿಡು ಎಂದಂತೆಯೇ. ಫರ್ಮಾನು ಬಂದರೂ ಅದನ್ನು ಜಾರಿ ಮಾಡಬೇಕಾದವರು ಮತ್ತೆ ಊರಿನ ಪಾಶಾ ಮತ್ತು ಖಾಜಿಯೇ. ಡಿಕ್ರಿ ಸಿಕ್ಕಿತು, ಅಮಲ್ಜಾರಿ ಅರ್ಜಿ ಎಂಟು ವರ್ಷ ನಡೆಯಿತು ಎಂಬ ನಿಮ್ಮ ಕಕ್ಷಿದಾರರ ಗೋಳಿಗೂ ಇದಕ್ಕೂ ಬಹಳ ದೂರವಿಲ್ಲ.

ಐದನೆಯದು ರಾಜಿ. ‘ಸುಲ್ಹ್’ ಎಂಬ ಈ ದಾರಿಯನ್ನು ಷರಿಯತ್ ತಾನೇ ಮೆಚ್ಚುತ್ತದೆ. ನಾಲ್ಕು ಜನ ಮಧ್ಯಸ್ಥರು ಕೂಡಿ ಕೂರಿಸಿ, ವಾದಿ ಇಷ್ಟು ಬಿಟ್ಟ, ಪ್ರತಿವಾದಿ ಇಷ್ಟು ಕೊಟ್ಟ, ಇನ್ನು ಪರಸ್ಪರ ಯಾವ ಬಾಬ್ತೂ ಇಲ್ಲ ಎಂದು ದಫ್ತರದಲ್ಲಿ ಬರೆಸಿದರೆ ಅದು ಕಟ್ಟಕಡೆಯ ಮಾತು. ನಮ್ಮ ಏಜೆಂಟ ಹುಜ್ಜತ್ ಬರೆಸದೆ ಬಟ್ಟೆ ಕೊಟ್ಟಿದ್ದರೆ ನಾನು ಅವನಿಗೆ ಹೇಳುತ್ತಿದ್ದುದು ಇದನ್ನೇ. ಒಂದು ಪಾಲು ಹೋಗುತ್ತದೆ, ಅಂಗಡಿ ಉಳಿಯುತ್ತದೆ.

ಖಾಜಿಯ ಕೋರ್ಟನ್ನು ಪರದೇಶಿಯ ವಿರೋಧಿ ಎಂದಷ್ಟೇ ಕಾಣುವವರಿಗೆ ನಾನು ಹೇಳುವ ಒಂದು ಪ್ರಸಂಗ ಆಟೊಮನ್ನರಿಗಿಂತ ಹಿಂದಿನದು, ಆಗ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರ ಕೈರೋದ್ದು. ಇತಿಹಾಸಕಾರ ಅಲ್ ಮಕ್ರೀಜಿ ಬರೆದಿರುವಂತೆ, 1352ರ ಸುಮಾರಿಗೆ ಪರ್ಷಿಯಾದ ಕೆಲವು ವರ್ತಕರು ಸುಲ್ತಾನನ ಬಳಿ ದೂರು ತಂದರು. ಕೈರೋದ ವ್ಯಾಪಾರಿಗಳು ತಮ್ಮಿಂದ ಸರಕನ್ನು ಸಾಲಕ್ಕೆ ಪಡೆದು, ಕೊಡಲು ಗತಿಯಿಲ್ಲವೆಂದು ಖಾಜಿಯ ಮುಂದೆ ದಿವಾಳಿತನ ಸಾಬೀತುಮಾಡಿಕೊಂಡು ತಪ್ಪಿಸಿಕೊಂಡಿದ್ದಾರೆ ಎಂಬುದು ದೂರು. ಸುಲ್ತಾನ ಆ ಬಾಕಿದಾರರನ್ನು ಖಾಜಿಯ ಕೈಯಿಂದ ತೆಗೆದು ಹಾಜಿಬ್ ಎಂಬ ಸೇನಾಧಿಕಾರಿಗೆ ಒಪ್ಪಿಸಿದ, ಹಾಜಿಬ್ ಹೊಡೆದು ವಸೂಲು ಮಾಡಿಸಿದ. ಇಲ್ಲಿ ದೂರು ತಂದವರು ಹೊರನಾಡಿನವರು. ಅವರ ಕಷ್ಟಕ್ಕೆ ಕಾರಣವಾದದ್ದು ಸಾಕ್ಷ್ಯದ ನಿಯಮ ಅಲ್ಲವೇ ಅಲ್ಲ, ದಿವಾಳಿಯಾದ ಸಾಲಗಾರನನ್ನು ಷರಿಯತ್ ಹಿಂಸಿಸಲು ಬಿಡದ ಅದರ ಮೃದುತನ. ವ್ಯಾಪಾರಿಗಳಿಗೆ ಅನೇಕ ಸಲ ಬೇಕಾಗಿದ್ದುದು ಹೆಚ್ಚು ನ್ಯಾಯವಲ್ಲ, ಹೆಚ್ಚು ಬಿರುಸು. ಅದು ಖಾಜಿಯ ಹೊರಗೆ, ಆಡಳಿತದ ಕೋರ್ಟುಗಳಲ್ಲಿ ಸಿಗುತ್ತಿತ್ತು.

ಹಾಗಾದರೆ ಖಾಜಿಗಳು ಪಕ್ಷಪಾತಿಗಳಾಗಿದ್ದರೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ. 17ನೆಯ ಶತಮಾನದ ಇಸ್ತಾಂಬುಲ್ ಮತ್ತು ಗಲಾಟಾ (ನಮ್ಮ ‘ಗಲಾಟೆ’ಗೂ ಈ ಊರಿಗೂ ನಂಟು ಹುಡುಕಬೇಡಿ) ನ್ಯಾಯಾಲಯಗಳ ದಫ್ತರಗಳನ್ನು ಎಣಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ಟಿಮುರ್ ಕುರಾನ್ ಮತ್ತು ಸ್ಕಾಟ್ ಲುಸ್ಟಿಗ್, ಮುಸ್ಲಿಮರ ಮತ್ತು ಅಧಿಕಾರಿಗಳ ಕಡೆಗೆ ಒಲವಿತ್ತೆಂದೂ, ಅದನ್ನು ಅರಿತ ಎದುರುಪಕ್ಷದವರು ಕಾಗದಪತ್ರ ಬರೆಸಿಕೊಳ್ಳುವುದಕ್ಕೆ ಹೆಚ್ಚು ಗಮನ ಕೊಟ್ಟರೆಂದೂ ವಾದಿಸಿದ್ದಾರೆ. ಡಚ್ ಇತಿಹಾಸಕಾರ ಮೌರಿಟ್ಸ್ ವಾನ್ ಡೆನ್ ಬೂಗರ್ಟ್ 18ನೆಯ ಶತಮಾನದ ಕಾನ್ಸುಲರ ಕಡತಗಳನ್ನು ಓದಿ, ಅಹದ್‌ನಾಮೆಗಳು ಆಟೊಮನ್ ಕಾನೂನಿನ ಹೊರಗಿನ ದ್ವೀಪವಲ್ಲ, ಅದರ ಒಳಗಿನ ಭಾಗವೆಂದು ತೋರಿಸಿದರು. ಯುರೋಪಿನ ವರ್ತಕರು ‘ಅವಾನಿಯಾ’, ಅಂದರೆ ಅನ್ಯಾಯದ ಸುಲಿಗೆ, ಎಂದು ಊರೆಲ್ಲ ಕೂಗಿಕೊಂಡ ಪ್ರಕರಣಗಳಲ್ಲಿ ಎಷ್ಟೋ ಸಲ ಎದುರಿನವನ ಹಕ್ಕು ಸರಿಯಾಗಿಯೇ ಇತ್ತೆಂದೂ ಹೇಳಿದರು. ನನಗೆ ಈ ಎರಡು ಕಡೆಯವರ ಮಾತೂ ಒಂದನ್ನೊಂದು ಕಡಿಯುವಂತೆ ಕಾಣುವುದಿಲ್ಲ. ಒಲವು ಇತ್ತು, ಕಾಗದವಿಲ್ಲದ ಪ್ರಕರಣದಲ್ಲಿ ಹೆಚ್ಚಾಗಿ ಕಂಡಿತು. ಸೋತ ವರ್ತಕ ಲಂಡನ್ನಿನ ಯಜಮಾನರಿಗೆ ‘ನನ್ನ ಕಾಗದ ಸರಿಯಿರಲಿಲ್ಲ’ ಎಂದು ಬರೆಯುವುದಕ್ಕಿಂತ ‘ಅವಾನಿಯಾ ಆಯಿತು’ ಎಂದು ಬರೆಯುವುದು ಸುಲಭ ಎಂಬುದನ್ನೂ ಮರೆಯಬಾರದು. ನಷ್ಟದ ಪತ್ರಗಳೇ ಯುರೋಪಿನ ಕಡತಗಳಲ್ಲಿ ಹೆಚ್ಚು ಉಳಿದಿವೆ, ಗೆದ್ದವರು ಅಷ್ಟು ಉದ್ದ ಬರೆಯಲಿಲ್ಲ.

ಸವಲತ್ತಿನ ಮಾತು ಯಾವ ಶತಮಾನದ್ದೆಂಬುದು ಮುಖ್ಯ. 16ನೆಯ ಶತಮಾನದಲ್ಲಿ ಅಹದ್‌ನಾಮೆ ಬಲಿಷ್ಠ ಸುಲ್ತಾನನ ಕೊಡುಗೆ. ಆ ಸುಲ್ತಾನ ಸತ್ತರೆ ಹೊಸಬನಿಂದ ಮತ್ತೆ ಪಡೆಯಬೇಕು. 1740ರಲ್ಲಿ ಫ್ರೆಂಚರಿಗೆ ಸಿಕ್ಕ ಅಹದ್‌ನಾಮೆ ಮುಂದಿನ ಸುಲ್ತಾನರನ್ನೂ ಕಟ್ಟಿಹಾಕಿತು, ಅಲ್ಲಿಂದ ತಕ್ಕಡಿ ವಾಲಿತು. ದುಭಾಷಿಗಳಿಗೆಂದು ಕೊಟ್ಟ ಸನ್ನದುಗಳನ್ನು ರಾಯಭಾರಿಗಳು ಊರಿನ ಶ್ರೀಮಂತ ಕ್ರೈಸ್ತ, ಯಹೂದಿ ವ್ಯಾಪಾರಿಗಳಿಗೆ ಮಾರಲು ಶುರು ಮಾಡಿದರು. ಕಚೇರಿಯಲ್ಲಿ ಒಂದು ದಿನವೂ ದುಭಾಷಿಕೆ ಮಾಡದವರು ಪರದೇಶಿಯ ಸವಲತ್ತನ್ನು ಅನುಭವಿಸಿದರು. 19ನೆಯ ಶತಮಾನಕ್ಕೆ ಅದು ದುರ್ಬಲ ರಾಜ್ಯದ ಮೇಲೆ ಬಲಿಷ್ಠರು ಹೇರಿದ ನೊಗವೇ ಆಯಿತು. ಆಟೊಮನ್ ಸರ್ಕಾರ 1914ರಲ್ಲಿ ಅದನ್ನು ಏಕಪಕ್ಷೀಯವಾಗಿ ಕಿತ್ತೊಗೆಯಿತು, 1923ರ ಲೊಸಾನ್ ಒಪ್ಪಂದದಲ್ಲಿ ಎದುರಿನವರೂ ಒಪ್ಪಿದರು. ಈಜಿಪ್ಟಿನಲ್ಲಿ 1876ರಲ್ಲಿ ಹುಟ್ಟಿದ, ಪರದೇಶಿಗಳ ವ್ಯಾಜ್ಯ ಕೇಳುವ ಮಿಶ್ರ ನ್ಯಾಯಾಲಯಗಳು 1949ರವರೆಗೂ ನಡೆದವು. ‘ಪರದೇಶಿ ಸುಖವಾಗಿದ್ದ’ ಎಂದು ಬರೆದವರ ಕಣ್ಣಮುಂದೆ ಇದ್ದುದು ಈ ಕೊನೆಯ ಚಿತ್ರ, ‘ಅವನಿಗೆ ಆಸರೆಯೇ ಇರಲಿಲ್ಲ’ ಎಂದವರ ಕಣ್ಣಮುಂದೆ ಇದ್ದುದು ಶಾಸ್ತ್ರಗ್ರಂಥದ ಒಂದು ಪುಟ.

ನಿಮ್ಮ ಭಾಷಣದ ಬಗ್ಗೆ. ಶಾಸ್ತ್ರದ ನಿಯಮಗಳಿಂದ ಶುರು ಮಾಡಿದರೆ ಮಾತು ಬೇಗ ಮತದ ಕಡೆಗೆ ಜಾರುತ್ತದೆ, ಅಲ್ಲಿಂದ ಹಿಂದಕ್ಕೆ ತರುವುದು ಕಷ್ಟ. ಅಹದ್‌ನಾಮೆಗಳಿಂದ ಶುರು ಮಾಡಿದರೆ ಅದು ರಾಜತಂತ್ರದ ಇತಿಹಾಸವಾಗಿ ವಕೀಲರಿಗೆ ನಿದ್ದೆ ಬರುತ್ತದೆ. ಹುಜ್ಜತ್ತಿನಿಂದ ಶುರು ಮಾಡಿ. ಅಸಮಾನತೆಯನ್ನು ಮುಚ್ಚಿಡಬೇಡಿ, ಆದರೆ ಅದು ಎಲ್ಲಿ ಕಚ್ಚುತ್ತಿತ್ತು, ಎಲ್ಲಿ ಕಚ್ಚುತ್ತಿರಲಿಲ್ಲ ಎಂಬುದನ್ನು ಒಂದು ಸಾಲದ ವ್ಯವಹಾರವನ್ನು ಹಿಡಿದು ತೋರಿಸಿ. ಇದರ ಅಪಾಯವೆಂದರೆ ಎಲ್ಲವೂ ಕಾಗದದಿಂದ ಸರಿಹೋಗುತ್ತಿತ್ತು ಎಂಬ ಭಾವನೆ ಉಳಿದುಬಿಡುವುದು, ಅದಕ್ಕೆ ಇಸ್ತಾಂಬುಲಿನ ದಾರಿಯ ತಿಂಗಳುಗಳನ್ನು ನೆನಪಿಸಿ.

ಮಂಗಳೂರಿನ ಸಭೆಯಾದ್ದರಿಂದ, ಇದೇ ತೊಡಕನ್ನು ತಿರುಗಿಸಿ ತೋರಿಸುವ ಒಂದು ಉದಾಹರಣೆಯನ್ನೂ ಕೊಡುತ್ತೇನೆ. ಟ್ಯುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ನಿಮ್ಮ ಊರಿನಲ್ಲಿದ್ದ, 1149ರಲ್ಲಿ ಯೆಮನ್ನಿನ ಬಂದರಾದ ಏಡನ್‌ಗೆ ಮರಳಿದ. ಅವನ ಪತ್ರಗಳು ಕೈರೋದ ಗೆನಿಜಾ ಎಂಬ ಯಹೂದಿ ಕಾಗದದ ಕೋಣೆಯಲ್ಲಿ ಉಳಿದವು. ಏಡನ್‌ನಲ್ಲಿ ಅವನ ಜೊತೆಗಾರರಿಗೆ ಖಾಜಿಯೂ ಇದ್ದ, ತಮ್ಮದೇ ಯಹೂದಿ ನ್ಯಾಯಸಭೆಯೂ ಇತ್ತು. ಇಲ್ಲಿ, ಈ ಕರಾವಳಿಯಲ್ಲಿ, ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯನೊಬ್ಬ ಸರಕು ಕೊಡದೆ ಸತಾಯಿಸಿದಾಗ ಇವೆರಡರಲ್ಲಿ ಒಂದೂ ಕೈಗೆ ಸಿಗುವಂತಿರಲಿಲ್ಲ. ಏಡನ್‌ನ ಜೊತೆಗಾರ ಬರೆದ ಸಲಹೆ ಇದು: ಬಾಕಿ ತೀರಿಸದವರನ್ನು ಏಡನ್‌ನಲ್ಲಿ ನಾವು ಬಹಿಷ್ಕಾರಕ್ಕೆ ಒಳಪಡಿಸುತ್ತೇವೆ ಎಂದು ಅವನನ್ನು ಬೆದರಿಸಿ ನೋಡು, ಹೆದರಿಯಾನು, ಆಗಲೂ ಕೊಡದಿದ್ದರೆ ಬಹಿಷ್ಕಾರದ ಪತ್ರವನ್ನೇ ಇಲ್ಲಿಂದ ಕಳಿಸುತ್ತೇವೆ. ಯಹೂದಿಯಲ್ಲದ ಆ ಏಲಕ್ಕಿ ವ್ಯಾಪಾರಿಗೆ ಏಡನ್‌ನ ಬಹಿಷ್ಕಾರ ಯಾವ ಲೆಕ್ಕ ಎಂಬುದನ್ನು ಅವರು ಯೋಚಿಸಿದ್ದರೋ ಇಲ್ಲವೋ, ಆ ಏಲಕ್ಕಿಯ ಬಾಕಿಯ ಮಾತಂತೂ ಒಂದಕ್ಕಿಂತ ಹೆಚ್ಚು ಪತ್ರಗಳಲ್ಲಿ ಬರುತ್ತದೆ.